ಚಾಕು ಅದ್ದಿ ನೋಡುವವರು

ಪುನರ್ವಸು ಮಳೆ ಹಿಡಿದು ಒಂಬತ್ತು ದಿನವಾಗಿತ್ತು. ತೀರ್ಥಹಳ್ಳಿ ಕಡೆಯ ಚಿಕ್ಕಪ್ಪನ ಮನೆಯ ಜಗಲಿಯಲ್ಲಿ ಮೈಲುತುತ್ತದ ಚೀಲ, ಸುಣ್ಣ, ನೀಲಿ ಹತ್ತಿದ ಡ್ರಮ್ಮುಗಳು, ಪಂಪು, ಸುತ್ತಿಟ್ಟ ಪೈಪು ಎಲ್ಲವೂ ಸಜ್ಜಾಗಿ ಕೂತಿದ್ದವು. ಇಲ್ಲದ್ದು ಹೊಳವು ಒಂದೇ. ಅಡಿಕೆಗೆ ಎರಡನೇ ಸಲದ ಔಷಧಿ ಹೊಡೆಯಲು ಅರ್ಧ ದಿನ ಮಳೆ ಬಿಟ್ಟರೆ ಸಾಕು. ಬಿಡದಿದ್ದರೆ ಕೊಳೆ ಬರುತ್ತದೆ, ಎಳೆಕಾಯಿ ಉದುರಿ ಮರದ ಬುಡದಲ್ಲಿ ರಾಶಿ ಬೀಳುತ್ತದೆ, ವರ್ಷದ ಅನ್ನ ಅಲ್ಲಿಗೆ ಮುಗಿಯುತ್ತದೆ. ಮರ ಹತ್ತುವವನು ಮೂರು ದಿನದಿಂದ ಬಂದು, ಕಾಫಿ ಕುಡಿದು, ಆಕಾಶ ನೋಡಿ ವಾಪಸ್ ಹೋಗುತ್ತಿದ್ದ.

ಚಿಕ್ಕಪ್ಪ ಮೊಬೈಲನ್ನು ನನ್ನ ಮುಖದ ಹತ್ತಿರ ಹಿಡಿದರು. ಅದರಲ್ಲಿ ಆ ಹೊತ್ತಿಗೆ ಸರಿಯಾಗಿ ಹಳದಿ ಸೂರ್ಯನ ಚಿತ್ರ ಇತ್ತು. ಹೊರಗೆ ಅಂಗಳದ ತುದಿ ಕಾಣದ ಹಾಗೆ ಮಳೆ ಹೊಯ್ಯುತ್ತಿತ್ತು.

"ನೋಡು ಮಾರಾಯ, ಇವರಿಗೆ ಹತ್ತು ಗಂಟೆಯ ಮಳೆ ಒಂಬತ್ತು ಗಂಟೆಗೆ ಗೊತ್ತಾಗೋದಿಲ್ಲ. ಇನ್ನು ಎಂಬತ್ತು ವರ್ಷ ಕಳೆದ ಮೇಲೆ ಭೂಮಿ ಎಷ್ಟು ಕಾಯ್ತದೆ ಅಂತ ಲೆಕ್ಕ ಹಾಕಿ ಕೊಡ್ತಾರಂತೆ. ಪೇಟೆಯವರು ನೀವು ನಂಬ್ತೀರಿ."

ಈ ಮಾತಿಗೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಯಾವ ಮರದ ಯಾವ ಕೊನೆಯ ಯಾವ ಕಾಯಿ ಇವತ್ತು ರಾತ್ರಿ ಉದುರುತ್ತದೆ ಎಂದು ಯಾರೂ ಹೇಳಲಾರರು, ಆದರೆ ಎರಡನೇ ಔಷಧಿ ತಪ್ಪಿಸಿದರೆ ಆಶ್ಲೇಷ ಮಳೆ ಹೊತ್ತಿಗೆ ತೋಟ ಏನಾಗುತ್ತದೆ ಎಂದು ಮನೆಯ ಮಗುವಿಗೂ ಗೊತ್ತು. ನಾಳೆಯ ಹವೆ ಹೇಳುವುದು ಮೊದಲನೆಯ ಬಗೆಯ ಕೆಲಸ, ಹವಾಮಾನ ಬದಲಾವಣೆ ಹೇಳುವುದು ಎರಡನೆಯದು ಎಂದೆ. ಹೇಳಿ ನನಗೇ ಖುಷಿಯಾಯಿತು. ಚಿಕ್ಕಪ್ಪನಿಗೂ ಹೋಲಿಕೆ ಹಿಡಿಸಿತು. ಆದರೆ ಅವರು ಬಿಡುವ ಆಸಾಮಿಯಲ್ಲ.

"ಅದು ಸರಿ. ಕೊಳೆ ನಾನು ಕಣ್ಣಾರೆ ಕಂಡಿದ್ದೇನೆ, ನನ್ನ ಅಪ್ಪ ಕಂಡಿದ್ದ. ನೀನು ಹೇಳುವ ಕಾರ್ಬನ್ನು ಯಾರು ಕಂಡಿದ್ದಾರೆ?"

ನಾನು ಸುಮ್ಮನಾದೆ. ಆ ಪ್ರಶ್ನೆ ಮೊದಲಿನದಕ್ಕಿಂತ ಆಳದ್ದು.

ಹನ್ನೊಂದೂವರೆ ಹೊತ್ತಿಗೆ ಹೊಳವಾಯಿತು. ಮನೆಯೆಲ್ಲ ಒಮ್ಮೆಲೇ ಎದ್ದಿತು. ಒಂದು ಡ್ರಮ್ಮಿನಲ್ಲಿ ಸುಣ್ಣದ ನೀರು, ಇನ್ನೊಂದರಲ್ಲಿ ತುತ್ತದ ನೀರು. ನೂರು ಲೀಟರಿಗೆ ಒಂದು ಕಿಲೋ ಅದು, ಒಂದು ಕಿಲೋ ಇದು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ಸುಣ್ಣವನ್ನು ತುತ್ತಕ್ಕಲ್ಲ. ಕೋಲಿನಲ್ಲಿ ತಿರುವುತ್ತಿದ್ದ ಹಾಗೆ ಆಕಾಶದಲ್ಲಿಲ್ಲದ ನೀಲಿ ಡ್ರಮ್ಮಿನಲ್ಲಿ ಮೂಡಿತು. ಆಮೇಲೆ ಚಿಕ್ಕಪ್ಪ ಅಡಿಗೆಮನೆಯ ಹಳೆಯ ಕಬ್ಬಿಣದ ಚಾಕು ತರಿಸಿ, ಬೂದಿ ಹಾಕಿ ಉಜ್ಜಿ, ಅದರ ಅಲಗನ್ನು ದ್ರಾವಣದಲ್ಲಿ ಅದ್ದಿ ಹಿಡಿದರು. ತೆಗೆದು ಬೆಳಕಿಗೆ ತಿರುಗಿಸಿ ನೋಡಿದರು. ಅಲಗಿಗೆ ಕೆಂಪು ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಹತ್ತಿತ್ತು. ಒಂದು ಬೊಗಸೆ ಸುಣ್ಣದ ತಿಳಿ ಹಾಕಿಸಿ, ಮತ್ತೆ ಉಜ್ಜಿ, ಮತ್ತೆ ಅದ್ದಿದರು. ನಲವತ್ತು ವರ್ಷದಿಂದ ಔಷಧಿ ಹೊಡೆಸುತ್ತಿರುವ ಮನುಷ್ಯ ಒಂದು ಡ್ರಮ್ಮಿಗೂ ಚಾಕು ಅದ್ದದೆ ಬಿಟ್ಟದ್ದನ್ನು ನಾನು ಕಂಡಿಲ್ಲ.

ಈ ಔಷಧಿಗೆ ಬೋರ್ಡೋ ದ್ರಾವಣ ಎಂದು ಹೆಸರು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟದವರು ರಸ್ತೆ ಬದಿಯ ಬಳ್ಳಿಗಳಿಗೆ ತುತ್ತ-ಸುಣ್ಣ ಎರಚುತ್ತಿದ್ದರು. ರೋಗಕ್ಕಲ್ಲ, ಕಳ್ಳರಿಗೆ. ಹಸಿರು-ನೀಲಿ ಕಲೆ ಕಂಡು ವಿಷವೆಂದು ಹೆದರಿ ದಾರಿಹೋಕರು ಹಣ್ಣು ಕೀಳದಿರಲಿ ಎಂದು. 1882ರಲ್ಲಿ ಅಲ್ಲಿ ಹಾದುಹೋದ ಮಿಲಾರ್ದೆ ಎಂಬ ಸಸ್ಯವಿಜ್ಞಾನಿ ಒಂದು ಸಂಗತಿ ಗಮನಿಸಿದ: ತೋಟದ ಒಳಗಿನ ಬಳ್ಳಿಗಳೆಲ್ಲ ಬೂಷ್ಟು ರೋಗಕ್ಕೆ ಎಲೆ ಉದುರಿಸಿ ನಿಂತಿವೆ, ರಸ್ತೆ ಬದಿಯವು ಮಾತ್ರ ಹಸಿರಾಗಿವೆ. ಯಾಕೆಂದು ತೋಟದವರನ್ನೇ ಕೇಳಿದ. ಮೂರು ವರ್ಷ ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದ. ಅದನ್ನು ಮಲೆನಾಡಿನ ಅಡಿಕೆಗೆ ತಂದವರು ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ತರುಣ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು, ಕೊಳೆರೋಗದ ಬೆನ್ನು ಹತ್ತಿದರು, ಅದು ಒಂದು ಬಗೆಯ ಶಿಲೀಂಧ್ರದ ಕೆಲಸವೆಂದು ತೋರಿಸಿ 1910ರಲ್ಲಿ ಪುಸ್ತಕ ಬರೆದರು. ಆ ಶಿಲೀಂಧ್ರವನ್ನೂ ನಮ್ಮ ಅಜ್ಜಂದಿರು ಯಾರೂ ಕಂಡವರಲ್ಲ. ಅವರು ಕಂಡದ್ದು ಉದುರಿದ ಕಾಯಿ. ಸೂಕ್ಷ್ಮದರ್ಶಕದ ಒಳಗೆ ಯಾವನೋ ಬಿಳಿಯ ಕಂಡದ್ದನ್ನು ನಂಬಿ, ದೇವರಿಗೆ ಹರಕೆ ಹೇಳುವುದನ್ನೂ ಬಿಡದೆ, ಮರಕ್ಕೆ ನೀಲಿ ನೀರು ಹೊಡೆದರು. ಕಾಯಿ ನಿಂತಿತು. ನೂರು ವರ್ಷದ ಮೇಲಾಯಿತು, ಇನ್ನೂ ಹೊಡೆಯುತ್ತಿದ್ದೇವೆ.

ಹಾಗಾದರೆ ಚಿಕ್ಕಪ್ಪ ತಜ್ಞರನ್ನು ನಂಬುವುದಿಲ್ಲ ಎನ್ನುವ ಮಾತೇ ತಪ್ಪು. ಅವರ ಇಡೀ ತೋಟ ಒಬ್ಬ ತಜ್ಞನ ಮಾತಿನ ಮೇಲೆ ನಿಂತಿದೆ. ಆ ಮಾತನ್ನು ಅವರು ಪ್ರತಿ ಡ್ರಮ್ಮಿಗೂ ಚಾಕು ಅದ್ದಿ ನೋಡಬಹುದು, ವ್ಯತ್ಯಾಸ ಅಷ್ಟೇ. ಹವಾಮಾನದ ಮಾತಿಗೆ ಅವರ ಕೈಯಲ್ಲಿ ಚಾಕು ಇಲ್ಲ. ನನ್ನ ಕೈಯಲ್ಲಾದರೂ ಎಲ್ಲಿದೆ? 1896ರಲ್ಲಿ ಸ್ವೀಡನ್ನಿನ ಅರ್‍ಹೇನಿಯಸ್ ಕಾಗದ-ಪೆನ್ಸಿಲ್ ಹಿಡಿದು, ಗಾಳಿಯ ಇಂಗಾಲಾಮ್ಲ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾಗುತ್ತದೆಂದು ಲೆಕ್ಕ ಹಾಕಿದ್ದನ್ನು ನಾನು ಓದಿ ಬಲ್ಲೆ, ಮಾಡಿ ನೋಡಿಲ್ಲ. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರುಮಾಡಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ 313 ಪಾಲು ಇತ್ತು. ಈಗ 420 ದಾಟಿದೆ. ಕೀಲಿಂಗ್ 2005ರಲ್ಲಿ ತೀರಿಕೊಂಡ ಮೇಲೆ ಮಗ ರಾಲ್ಫ್ ಆ ಅಳತೆಯನ್ನು ಮುಂದುವರಿಸಿಕೊಂಡು ಬಂದಿದ್ದಾರೆ. ಇದನ್ನು ಹೇಳಿದಾಗ ಮಾತ್ರ ಚಿಕ್ಕಪ್ಪನ ಮುಖ ಸ್ವಲ್ಪ ಬದಲಾಯಿತು. ಅವರ ಮನೆಯಲ್ಲೂ ಅಪ್ಪ ಶುರುಮಾಡಿದ ಮಳೆ ಡೈರಿ ಇದೆ, ಮಗ ಮುಂದುವರಿಸಿದ್ದು. ಅದರ ಮಾತು ಆಮೇಲೆ.

ನಂಬಿಕೆ ಕೆಡುವುದು ಹೇಗೆ? ಬರಿಯ ಅಜ್ಞಾನದಿಂದ ಎಂದು ವಿಜ್ಞಾನಿಗಳು ಹೇಳಿಕೊಂಡು ಸಮಾಧಾನ ಪಡುವುದುಂಟು. ನನಗೆ ಹಾಗನ್ನಿಸುವುದಿಲ್ಲ.

1970ರ ದಶಕದ ಉತ್ತರ ಕನ್ನಡ. ಕಾಗದದ ಕಾರ್ಖಾನೆಗೆ ಬಿದಿರು ಹೋಗಿ ಹೋಗಿ ಬುಟ್ಟಿ ಹೆಣೆಯುವ ಮೇದಾರರಿಗೆ ಬಿದಿರೇ ಇಲ್ಲ ಎಂಬ ದೂರು ಎದ್ದಿತು. ಸರ್ಕಾರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಿಗೆ ನೋಡಿ ಹೇಳಿ ಎಂದಿತು. ಅರಣ್ಯಶಾಸ್ತ್ರ ಓದಿದವರ ಪ್ರಕಾರ ಬಿದಿರ ಮೆಳೆಯ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳನ್ನು ಸವರಿ ಚೊಕ್ಕ ಮಾಡಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ. ಅದರಂತೆ ಸವರಿಸಿಯೂ ಇದ್ದರು. ಹಳ್ಳಿಯವರು ಗಾಡ್ಗೀಳರಿಗೆ ಹೇಳಿದ್ದು ತದ್ವಿರುದ್ಧ: ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ. ಮುಳ್ಳುಹಂದಿ ತಿನ್ನುತ್ತದೆ, ಮುಸಿಯ ತಿನ್ನುತ್ತದೆ, ದನ ಬಾಯಿ ಹಾಕುತ್ತದೆ. ತಾವು ಬಿದಿರು ಕಡಿದಾಗ ಬುಡದ ಮುಳ್ಳು ಮುಟ್ಟುವುದಿಲ್ಲ ಎಂದರು. ಗಾಡ್ಗೀಳರು ಅಳತೆ ಮಾಡಿ ನೋಡಿದರು. ಹಳ್ಳಿಯವರ ಮಾತೇ ನಿಜವಾಗಿತ್ತು. ಒಬ್ಬ ತಜ್ಞ ಇನ್ನೊಬ್ಬ ತಜ್ಞನ ತಪ್ಪನ್ನು ಕಂಡದ್ದು ಕಳಲೆ ಕಿತ್ತು ಪಲ್ಯ ಮಾಡುವವರ ಕಣ್ಣಿನಿಂದ. ಮಿಲಾರ್ದೆ ದ್ರಾಕ್ಷಿತೋಟದವನನ್ನು ಕೇಳಿದ ಹಾಗೆಯೇ ಇದೂ.

ಆದರೆ ಮುಳ್ಳು ಸವರಿಸಿದವರು ಆ ಹೊತ್ತಿಗೆ ಎಷ್ಟು ಮೆಳೆ ಸವರಿಸಿದ್ದರೋ. ಕಾಕಿ ಬಟ್ಟೆಯವನು ಬಂದು "ನಿಮಗೆ ಗೊತ್ತಿಲ್ಲ, ಸುಮ್ಮನಿರಿ" ಎಂದದ್ದನ್ನು ಊರು ಮರೆಯುವುದಿಲ್ಲ. ಮುಂದೆ ಒಬ್ಬ ಒಳ್ಳೆಯವನು ಬಂದು ಒಳ್ಳೆಯದನ್ನೇ ಹೇಳಿದರೂ, ಹಳೆಯ ಸಾಲದ ಬಡ್ಡಿಯನ್ನು ಅವನಿಂದಲೇ ವಸೂಲಿ ಮಾಡುತ್ತದೆ.

ತಪ್ಪುವುದು ದೊಡ್ಡ ದೋಷವಲ್ಲ. ತಪ್ಪಿದ ಮೇಲೆ ನಡೆದುಕೊಳ್ಳುವ ರೀತಿ ನೋಡಬೇಕು. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ, ಐಪಿಸಿಸಿ, 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಇಲ್ಲವಾಗಬಹುದು ಎಂದು ಬರೆಯಿತು. ಅದೇ ವರ್ಷ ಸಮಿತಿಗೆ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಹಿಮನದಿಗಳನ್ನು ಬಲ್ಲವರಿಗೆ 2035 ಎಂಬುದನ್ನು ಓದಿದ ಕೂಡಲೇ ಅನುಮಾನ ಬಂತು. ಅಷ್ಟು ದಪ್ಪದ ಮಂಜು ಅಷ್ಟು ಬೇಗ ಕರಗಲು ಸಾಧ್ಯವೇ ಇಲ್ಲ. ಮೂಲ ಹುಡುಕಿಕೊಂಡು ಹೋದರೆ ಸಿಕ್ಕಿದ್ದು ವಿಜ್ಞಾನದ ಪ್ರಬಂಧವಲ್ಲ. ಒಂದು ಪರಿಸರ ಸಂಸ್ಥೆಯ ವರದಿ. ಅದರ ಹಿಂದೆ 1999ರ ಒಂದು ಪತ್ರಿಕಾ ಬರಹ. ರಷ್ಯದ ವಿಜ್ಞಾನಿಯೊಬ್ಬರು 1996ರಲ್ಲಿ ಬರೆದದ್ದು 2350 ಎಂಬ ಇಸವಿ. ಅಂಕಿ ಅದಲುಬದಲಾಗಿರಬಹುದು ಎಂದು ಕೆನಡಾದ ಹಿಮನದಿ ತಜ್ಞ ಗ್ರಹಾಂ ಕಾಗ್ಲಿ ತೋರಿಸಿದರು.

ಈ ಮಧ್ಯೆ 2009ರ ನವೆಂಬರಿನಲ್ಲಿ ನಮ್ಮ ಭೂವಿಜ್ಞಾನ ಸರ್ವೇಕ್ಷಣೆಯ ನಿವೃತ್ತ ಅಧಿಕಾರಿ ವಿ.ಕೆ. ರೈನಾ ಅವರ ಒಂದು ವರದಿಯನ್ನು ಕೇಂದ್ರ ಪರಿಸರ ಸಚಿವಾಲಯ ಹೊರತಂದಿತ್ತು. ಹಿಮನದಿಗಳು ಗಾಬರಿಪಡುವ ವೇಗದಲ್ಲಿ ಕರಗುತ್ತಿವೆ ಎಂಬುದಕ್ಕೆ ಆಧಾರ ಸಾಲದು ಎಂಬುದು ಅದರ ಸಾರ. ಆಗ ಐಪಿಸಿಸಿಯ ಅಧ್ಯಕ್ಷರಾಗಿದ್ದ ಆರ್.ಕೆ. ಪಚೌರಿ ಅದನ್ನು ಮಾಟ-ಮಂತ್ರದ ವಿಜ್ಞಾನ ಎಂದು ಜರೆದರು. ಮೂರು ತಿಂಗಳು ಕಳೆಯುವುದರೊಳಗೆ, 2010ರ ಜನವರಿ 20ರಂದು, 2035ರ ಮಾತು ಸರಿಯಾದ ಪರಿಶೀಲನೆಯಿಲ್ಲದೆ ಸೇರಿತ್ತು ಎಂದು ಐಪಿಸಿಸಿಯೇ ಒಪ್ಪಿಕೊಳ್ಳಬೇಕಾಯಿತು. ಸಾವಿರ ಪುಟಕ್ಕೆ ಹತ್ತಿರದ ಒಂದು ಸಂಪುಟದಲ್ಲಿ ಒಂದು ಪ್ಯಾರಾ ತಪ್ಪು. ಕ್ಷಮಿಸಬಹುದಾದದ್ದು. ಜನ ಕ್ಷಮಿಸದೆ ಇದ್ದದ್ದು ಆ ಜರೆದ ಮಾತನ್ನು. ನನಗೂ ಅದನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ, ಯಾಕೆಂದರೆ ಚಿಕ್ಕಪ್ಪನಂಥವರ ಎದುರು ವಾದಕ್ಕೆ ಕೂತಾಗ ಪ್ರತಿ ಸಲ ಆ ಇಸವಿ ಎದ್ದು ಬರುತ್ತದೆ.

ಹಿಮನದಿಗಳು ಮಾತ್ರ ಈ ಜಗಳಕ್ಕೆ ಕಿವಿಗೊಡಲಿಲ್ಲ. ಅಮೆರಿಕದ ಬೇಹುಗಾರಿಕೆ ಉಪಗ್ರಹಗಳು 1970ರ ದಶಕದಲ್ಲಿ ತೆಗೆದ ಹಳೆಯ ಚಿತ್ರಗಳನ್ನು ಹೊಸ ಚಿತ್ರಗಳ ಪಕ್ಕ ಇಟ್ಟು ಸುಮಾರು 650 ಹಿಮನದಿಗಳನ್ನು ಅಳೆದ ಅಧ್ಯಯನವೊಂದು 2019ರಲ್ಲಿ ಬಂತು. ಮೊದಲಿನ ಇಪ್ಪತ್ತೈದು ವರ್ಷಗಳಿಗಿಂತ 2000ದ ಈಚೆಗೆ ಕರಗುವ ವೇಗ ಇಮ್ಮಡಿಯಾಗಿದೆ ಎಂದು ಅದು ತೋರಿಸಿತು. ಇಸವಿ ತಪ್ಪಿತ್ತು, ದಿಕ್ಕು ತಪ್ಪಿರಲಿಲ್ಲ.

ಇದರ ಪಕ್ಕದಲ್ಲಿ ನಮ್ಮ ಹವಾಮಾನ ಇಲಾಖೆಯ ಕತೆಯನ್ನೂ ಇಡಬಹುದು. ಹದಿನಾರು ಅಂಶಗಳನ್ನು ಕೂಡಿಸಿ ಮುಂಗಾರು ಹೇಳುವ ಅವರ ಸೂತ್ರ 1988ರಿಂದ ಚೆನ್ನಾಗಿ ನಡೆದಿತ್ತು. 2002ರಲ್ಲಿ ವಾಡಿಕೆ ಮಳೆ ಎಂದರು. ಆ ಜುಲೈನಲ್ಲಿ ದೇಶಕ್ಕೆ ಬರಬೇಕಾದ ಮಳೆಯ ಅರ್ಧವೂ ಬರಲಿಲ್ಲ. ಇಲಾಖೆ ಮರುವರ್ಷವೇ ಆ ಸೂತ್ರವನ್ನು ಬದಿಗಿಟ್ಟು ಹೊಸದನ್ನು ಮಾಡಿಕೊಂಡಿತು. 2013ರ ಅಕ್ಟೋಬರಿನಲ್ಲಿ ಫೈಲಿನ್ ಚಂಡಮಾರುತ ಒಡಿಶಾದತ್ತ ಬಂದಾಗ ಹೊರದೇಶದ ಕೆಲವರು ಇದು 1999ರಲ್ಲಿ ಅಲ್ಲೇ ಬಡಿದ ಚಂಡಮಾರುತಕ್ಕಿಂತ ಭಯಂಕರ ಎಂದು ಹೆದರಿಸಿದರೂ ನಮ್ಮವರು ತಮ್ಮ ಲೆಕ್ಕ ಬಿಡಲಿಲ್ಲ, ಅದೇ ಸರಿಯಾಯಿತು. 1999ರಲ್ಲಿ ಸತ್ತವರು ಹತ್ತು ಸಾವಿರದ ಹತ್ತಿರ. 2013ರಲ್ಲಿ ಸುಮಾರು ಹತ್ತು ಲಕ್ಷ ಜನ ಮನೆ ಬಿಟ್ಟು ಎದ್ದರು, ಸಾವು ಐವತ್ತರೊಳಗೆ ನಿಂತಿತು. ಮೀನುಗಾರನೊಬ್ಬ ದೋಣಿ, ದನ, ಗುಡಿಸಲು ಬಿಟ್ಟು ಇಲಾಖೆಯ ಮಾತಿಗೆ ಎದ್ದು ಹೋಗಬೇಕಾದರೆ ಅದೆಂಥ ನಂಬಿಕೆ! ಆದರೆ ಒಂದು ವಿಷಯ ಮರೆಯಬಾರದು. ಏಳಿ ಎಂದವರು, ಎದ್ದು ಹೋಗಲು ಊರೂರಿಗೆ ಗಟ್ಟಿ ಕಟ್ಟಡಗಳನ್ನೂ ಕಟ್ಟಿಟ್ಟಿದ್ದರು.

ಇಷ್ಟು ಹೇಳಿದ ಮೇಲೆ, ಹಳ್ಳಿಯ ಅನುಮಾನ ಒಂದು ಜಾತಿ, ಪೇಟೆಯಲ್ಲಿ ಮಾರಾಟಕ್ಕಿಟ್ಟ ಅನುಮಾನ ಬೇರೆಯೇ ಜಾತಿ ಎಂಬುದನ್ನೂ ಹೇಳಬೇಕು. 1953ರ ಡಿಸೆಂಬರಿನಲ್ಲಿ ಅಮೆರಿಕದ ಸಿಗರೇಟು ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸೇರಿದ್ದರು. ಹೊಗೆಸೊಪ್ಪಿನಿಂದ ಕ್ಯಾನ್ಸರ್ ಎಂಬ ಸುದ್ದಿ ಆಗ ತಾನೇ ಹರಡುತ್ತಿತ್ತು. ಅವರು ಅದನ್ನು ಸುಳ್ಳೆಂದು ಸಾಧಿಸಲು ಹೊರಡಲಿಲ್ಲ. ಇನ್ನೂ ಖಚಿತವಿಲ್ಲ, ಇನ್ನಷ್ಟು ಸಂಶೋಧನೆ ಬೇಕು ಎಂದು ಹೇಳುತ್ತ ಹೋದರು. 1969ರಲ್ಲಿ ಅಂಥ ಒಂದು ಕಂಪನಿಯ ಒಳಟಿಪ್ಪಣಿ, ನಾವು ಉತ್ಪಾದಿಸುವ ಸರಕೇ ಸಂಶಯ ಎಂದು ನಾಚಿಕೆಯಿಲ್ಲದೆ ಬರೆದುಕೊಂಡಿತು. ತೈಲದವರಿಗೆ ಈ ಪಾಠ ಚೆನ್ನಾಗಿ ಹತ್ತಿತು. ಎಕ್ಸಾನ್ ಕಂಪನಿಯ ವಿಜ್ಞಾನಿಗಳು 1977ರಷ್ಟು ಹಿಂದೆಯೇ ತಮ್ಮ ಯಜಮಾನರಿಗೆ ಭೂಮಿ ಬಿಸಿಯೇರುವ ವಿಷಯ ತಿಳಿಸಿದ್ದರು. ತಮ್ಮದೇ ಟ್ಯಾಂಕರ್ ಹಡಗಿನಲ್ಲಿ ಉಪಕರಣ ಇಟ್ಟು ಸಮುದ್ರದ ಮೇಲೆ ಇಂಗಾಲದ ಡೈಆಕ್ಸೈಡ್ ಅಳೆದಿದ್ದರು. ಅವರ ಅಂದಿನ ಲೆಕ್ಕಗಳು ಬಹುಪಾಲು ಸರಿಯಾಗಿದ್ದವು ಎಂದು 2023ರಲ್ಲಿ ಸೈನ್ಸ್ ಪತ್ರಿಕೆಯ ಪ್ರಬಂಧವೊಂದು ತೋರಿಸಿದೆ. ಹೊರಗೆ ಮಾತ್ರ ಅದೇ ಕಂಪನಿ ವಿಜ್ಞಾನ ಇನ್ನೂ ಅನಿಶ್ಚಿತ ಎಂದು ಜಾಹೀರಾತು ಕೊಡುತ್ತಿತ್ತು. ಜನರನ್ನು ದಾರಿತಪ್ಪಿಸಿದೆವು ಎಂಬುದನ್ನು ಕಂಪನಿ ಒಪ್ಪುವುದಿಲ್ಲ.

ಇಲ್ಲಿ ನನ್ನಂಥವನಿಗೆ ಮುಜುಗರದ ಒಂದು ಸಂಗತಿ ಇದೆ. ಈ ಸಂಶಯವನ್ನು ಹೊತ್ತು ಮಾರಿದವರು ದಡ್ಡರಲ್ಲ. ಫ್ರೆಡರಿಕ್ ಸೈಟ್ಸ್ ದೊಡ್ಡ ಭೌತವಿಜ್ಞಾನಿ, 1960ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದವರು. ಆಮೇಲೆ ಸಿಗರೇಟು ಕಂಪನಿಯ ಸಲಹೆಗಾರರಾದರು, ಇನ್ನೂ ಆಮೇಲೆ ಹವಾಮಾನ ವಿಜ್ಞಾನದ ವಿರುದ್ಧ ನಿಂತ ಗುಂಪಿನ ಮುಂದಾಳಾದರು. 'ತಜ್ಞರನ್ನು ನಂಬಿ' ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಸೈಟ್ಸ್‌ಗಿಂತ ದೊಡ್ಡ ತಜ್ಞ ಬೇಕೆ?

ನನಗೆ ಗೌರವ ಹುಟ್ಟಿದ್ದು ಇನ್ನೊಬ್ಬನ ಮೇಲೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ರಿಚರ್ಡ್ ಮುಲ್ಲರ್. ತಾಪಮಾನ ಅಳೆಯುವ ಕೇಂದ್ರಗಳು ಪೇಟೆಯ ಕಾಂಕ್ರೀಟಿನ ನಡುವೆ ಇವೆ, ಅಂಕಿಗಳನ್ನು ಬೇಕಾದಂತೆ ಆರಿಸಿಕೊಂಡಿದ್ದಾರೆ ಎಂದು ಆತನಿಗೆ ಗುಮಾನಿ. ಹಾಗೆಂದು ಮಾತಾಡಿಕೊಂಡು ಕೂರದೆ, ಮಗಳು ಎಲಿಜಬೆತ್ ಮತ್ತು ಹತ್ತಾರು ಜನರನ್ನು ಕೂಡಿಸಿಕೊಂಡು ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕಲು ಹೊರಟ. ತೈಲದ ವ್ಯವಹಾರದಿಂದ ಬೆಳೆದ ಕೋಕ್ ಮನೆತನದ ಪ್ರತಿಷ್ಠಾನವೂ ಹಣ ಕೊಟ್ಟಿತು. ಸಂಶಯವಾದಿಗಳು ಹಿಗ್ಗಿದರು. ಅವರಲ್ಲೊಬ್ಬ ಹೆಸರುವಾಸಿ, ಫಲಿತಾಂಶ ನನ್ನ ಎಣಿಕೆಗೆ ವಿರುದ್ಧವಾಗಿ ಬಂದರೂ ಒಪ್ಪುತ್ತೇನೆ ಎಂದು ಬರೆದ. 39,000 ಕೇಂದ್ರಗಳ ಅಂಕಿ, 160 ಕೋಟಿ ಅಳತೆ. 2012ರಲ್ಲಿ ಮುಲ್ಲರ್ ಪತ್ರಿಕೆಯಲ್ಲಿ ಬರೆದ ಲೇಖನದ ಸಾರ ಇಷ್ಟೇ: ನೆಲದ ಮೇಲಿನ ಬಿಸಿ 250 ವರ್ಷದಲ್ಲಿ ಸುಮಾರು ಒಂದೂವರೆ ಡಿಗ್ರಿ ಸೆಲ್ಸಿಯಸ್ ಏರಿದೆ, ಹೆಚ್ಚುಕಡಿಮೆ ಪೂರ್ತಿ ಮನುಷ್ಯನಿಂದಲೇ ಏರಿದೆ, ನಾನು ಮನಸ್ಸು ಬದಲಿಸಿದ್ದೇನೆ. ಆತ ಚಾಕು ಅದ್ದಿದ್ದ, ಅಲಗಿನ ಬಣ್ಣ ನೋಡಿದ್ದ. ಒಪ್ಪುತ್ತೇನೆ ಎಂದಿದ್ದವನು ಒಪ್ಪಲಿಲ್ಲ. ವಿಧಾನ ಸರಿಯಿಲ್ಲ ಎಂದ. ಹಳೆಯ ಗೆಳೆಯರು ಮುಲ್ಲರನನ್ನು ದೂರ ಮಾಡಿದರು, ಹವಾಮಾನ ವಿಜ್ಞಾನಿಗಳಲ್ಲೂ ಕೆಲವರು ನಮಗೆ ಗೊತ್ತಿದ್ದದ್ದನ್ನೇ ಹೇಳಲು ಇಷ್ಟು ಹೊತ್ತೇ ಎಂದು ಮೂಗು ಮುರಿದರು. ಮನಸ್ಸು ಬದಲಿಸಿದವನಿಗೆ ಎರಡೂ ಕಡೆ ಊಟವಿಲ್ಲ.

ಅವನ ಅನುಮಾನಕ್ಕೆ ಅವನು ಬೆಲೆ ಕೊಟ್ಟ. ಸೈಟ್ಸ್‌ಗೆ ಅವರ ಅನುಮಾನದಿಂದ ಬೆಲೆ ಬಂತು. ಅನುಮಾನ ಯಾವ ಜಾತಿಯದು ಎಂದು ತಿಳಿಯಲು ನನ್ನ ಹತ್ತಿರ ಇರುವ ಒರೆಗಲ್ಲು ಇಷ್ಟೇ. ಆದರೆ ಅದೇ ಒರೆಗಲ್ಲಿಗೆ ನನ್ನ ನಂಬಿಕೆಯನ್ನು ಉಜ್ಜಿದರೆ ಏನಾಗುತ್ತದೆ?

ಆ ರಾತ್ರಿ ಜಗಲಿಯಲ್ಲಿ ಮಲಗಿ ಇದನ್ನೇ ಯೋಚಿಸುತ್ತಿದ್ದೆ. ನಾನು ಹವಾಮಾನ ವಿಜ್ಞಾನವನ್ನು ಪೂರ್ತಿ ನಂಬುತ್ತೇನೆ. ನಂಬಿ ಏನು ಮಾಡಿದ್ದೇನೆ? ಆ ವರ್ಷ ನಾಲ್ಕು ಸಲ ವಿಮಾನ ಹತ್ತಿದ್ದೆ, ಒಂದು ಸಲ ಹವಾಮಾನದ ಬಗ್ಗೆ ಭಾಷಣ ಕೇಳಲಿಕ್ಕೆ. ಮನೆಗೆ ಎರಡನೇ ಎ.ಸಿ. ಬಂದಿತ್ತು. ಚಿಕ್ಕಪ್ಪ ಇಲ್ಲಿಯವರೆಗೆ ವಿಮಾನದ ಒಳಗನ್ನು ಕಂಡವರಲ್ಲ. ಅವರ ಮನೆಯ ಒಲೆಗೆ ಅಡಿಕೆ ಹಾಳೆ, ಸೋಗೆ. ದೀಪಕ್ಕೆ ಹಿತ್ತಿಲ ಗೊಬ್ಬರದ ಗ್ಯಾಸು ಇದ್ದ ಕಾಲವೂ ಇತ್ತು. ಸರಾಸರಿ ಭಾರತೀಯ ವರ್ಷಕ್ಕೆ ಎರಡು ಟನ್ನಿನ ಆಸುಪಾಸು ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಸರಾಸರಿ ಅಮೆರಿಕನ್ ಅದರ ಆರೇಳು ಪಟ್ಟು ಬಿಡುತ್ತಾನೆ. ನನ್ನ ಲೆಕ್ಕ ಎಲ್ಲಿ ಬೀಳುತ್ತದೆಂದು ಹಾಕಿ ನೋಡುವ ಧೈರ್ಯ ಆಗಿಲ್ಲ. ಅವರ ಅಪನಂಬಿಕೆಯಿಂದ ಭೂಮಿಗೆ ಆದ ಹಾನಿಗಿಂತ ನನ್ನ ನಂಬಿಕೆಯಿಂದ ಆದದ್ದೇ ಹೆಚ್ಚು. ನನಗೆ ಈ ನಂಬಿಕೆ ಪುಕ್ಕಟೆ ಸಿಕ್ಕಿದೆ. ಅದಕ್ಕಾಗಿ ನಾನು ಏನನ್ನೂ ಬಿಟ್ಟಿಲ್ಲ. ಬಿಡಬೇಕಾಗಿ ಬರುವುದು ಚಿಕ್ಕಪ್ಪನಿಗೆ.

ಇದು ಬರಿಯ ಮಾತಲ್ಲ. ಬಿದಿರಿನ ವಿಷಯದಲ್ಲಿ ಹಳ್ಳಿಯವರ ಪರ ಸಾಕ್ಷಿ ಹೇಳಿದ ಅದೇ ಗಾಡ್ಗೀಳರ ಸಮಿತಿ 2011ರ ಆಗಸ್ಟಿನಲ್ಲಿ ಪಶ್ಚಿಮ ಘಟ್ಟದ ವರದಿ ಕೊಟ್ಟಿತು. ಯಾವ ಜಾಗ ಎಷ್ಟು ಸೂಕ್ಷ್ಮ ಎಂಬುದನ್ನು ಗ್ರಾಮಸಭೆಗಳ ಮುಂದೆ ಇಟ್ಟು ತೀರ್ಮಾನ ಮಾಡಿ ಎಂದು ಅದರಲ್ಲೇ ಬರೆದಿತ್ತು. ಗ್ರಾಮಸಭೆಗೆ ಅದು ಬರಲಿಲ್ಲ. ಊರಿಗೆ ಬಂದದ್ದು 'ಒಕ್ಕಲೆಬ್ಬಿಸುತ್ತಾರಂತೆ' ಎಂಬ ಸುದ್ದಿ. ಗಾಡ್ಗೀಳರ ಹೆಸರು ಮಲೆನಾಡಿನಲ್ಲಿ ಬೈಗುಳದ ಹಾಗಾಯಿತು. ಆಮೇಲೆ 2013ರಲ್ಲಿ ಅದೇ ಘಟ್ಟದ ಮೇಲೆ ಕಸ್ತೂರಿರಂಗನ್ ಸಮಿತಿಯ ವರದಿ. ಉಪಗ್ರಹದ ಚಿತ್ರದಲ್ಲಿ ನಮ್ಮ ತೋಟದ ಹಸಿರನ್ನೂ ಕಾಡಿನ ಹಸಿರೆಂದು ಲೆಕ್ಕ ಹಾಕಿದ್ದಾರೆ ಎಂಬ ಆಕ್ಷೇಪ ಎದ್ದಿತು, ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಕರ್ನಾಟಕದ 20,668 ಚದರ ಕಿಲೋಮೀಟರು ಪರಿಸರ ಸೂಕ್ಷ್ಮ ಪ್ರದೇಶ ಎಂಬ ಕೇಂದ್ರದ ಕರಡು ಹೊರಡುತ್ತದೆ, ಅವಧಿ ಮುಗಿಯುತ್ತದೆ, ಮತ್ತೆ ಹೊರಡುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಊರುಗಳು ಮಣ್ಣಿನಡಿ ಹೋದವು. ಮರುದಿನದ ತಾರೀಕಿನಲ್ಲಿ ಆರನೆಯ ಸಲದ ಕರಡು ಬಂತು. ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಚಿಕ್ಕಪ್ಪ ಆ ದಿನ ಸಿಹಿ ಹಂಚಲಿಲ್ಲ, ಆದರೆ ನಿದ್ದೆ ಚೆನ್ನಾಗಿ ಬಂತು ಎಂದರು.

ಅವರನ್ನು ನಾನು ಬೈಯಬಲ್ಲೆನೆ? ಒಡಿಶಾದ ಮೀನುಗಾರನಿಗೆ ಏಳು ಎಂದವರು ಕೂರಲು ಜಾಗ ತೋರಿಸಿದ್ದರು. ಮಲೆನಾಡಿನವನಿಗೆ ಸೊಪ್ಪಿನಬೆಟ್ಟದಲ್ಲಿ ಸೊಪ್ಪು ಕಡಿಯಬೇಡ, ಗುಡ್ಡ ಕಡಿಯಬೇಡ, ಮನೆ ಕಟ್ಟಬೇಡ ಎಂದು ಹೇಳುವವರು ಮುಂದಿನ ಮಾತನ್ನು ಹೇಳುವುದೇ ಇಲ್ಲ. ಹಾಗೆಂದು ಅವರದ್ದೇ ಸರಿ ಎಂದೂ ನಾನು ಹೇಳಲಾರೆ. ಅವರ ಭಯದ ಬೆನ್ನ ಮೇಲೆ ಕೂತು ಸವಾರಿ ಮಾಡುವವರು ಕಲ್ಲುಕ್ವಾರಿಯವರು, ರೆಸಾರ್ಟಿನವರು. ಸಭೆಯಲ್ಲಿ ಮೈಕು ಹಿಡಿಯುವವರು ಅವರೇ. ಗುಡ್ಡ ಜಾರಿದ ದಿನ ಅವರ ಮನೆ ಬೇರೆ ಊರಿನಲ್ಲಿರುತ್ತದೆ. ಇದನ್ನು ಚಿಕ್ಕಪ್ಪನಿಗೆ ಹೇಳಿದೆ. "ಅದು ನನಗೆ ಗೊತ್ತಿಲ್ವಾ?" ಎಂದರು, ಸ್ವಲ್ಪ ಖಾರವಾಗಿ.

ಮರುದಿನ ಮತ್ತೆ ಮಳೆ. ಅರ್ಧ ತೋಟಕ್ಕೆ ಔಷಧಿ ಆಗಿತ್ತು, ಅರ್ಧ ಉಳಿದಿತ್ತು. ಮಧ್ಯಾಹ್ನ ಊಟ ಮುಗಿಸಿ ನಾನೇ ಮಳೆ ಡೈರಿಯ ಮಾತೆತ್ತಿದೆ. ಕಪಾಟಿನ ಮೇಲಿಂದ ಇಳಿಸಿದರು. ಕೆಂಪು ಬಟ್ಟೆಯಲ್ಲಿ ಕಟ್ಟಿದ, ಗೆದ್ದಲು ಅಂಚು ತಿಂದ ಹತ್ತಾರು ಪುಸ್ತಕ. ದಿನ ಬೆಳಿಗ್ಗೆ ಎಂಟು ಗಂಟೆಗೆ ಅಂಗಳದ ಕಟ್ಟೆಯ ಮೇಲಿನ ಡಬ್ಬಿಯಿಂದ ಅಳೆದ ಮಳೆ, ಇಂಚಿನಲ್ಲಿ, ಮೊದಲು ಅಜ್ಜನ ಉರುಟು ಅಕ್ಷರದಲ್ಲಿ, ಆಮೇಲೆ ಚಿಕ್ಕಪ್ಪನ ಬಾಗಿದ ಅಕ್ಷರದಲ್ಲಿ. ನಡುವೆ ಎಲ್ಲೋ 'ಗೌರಿ ಕರು ಹಾಕಿತು', 'ತಮ್ಮನ ಮದುವೆ, ಮಳೆ ನೋಡಿಲ್ಲ' ಎಂದು. ಒಂದು ಮನೆಯ ಅಂಗಳದ ಲೆಕ್ಕದಿಂದ ಭೂಮಿಯ ವಿಷಯ ಸಾಬೀತಾಗುವುದಿಲ್ಲ, ಅದು ನನಗೆ ಗೊತ್ತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಏಳು ಪಾಲು ಹೆಚ್ಚು ನೀರಾವಿ ಹಿಡಿಯಬಲ್ಲದು. ಮಧ್ಯ ಭಾರತದಲ್ಲಿ 1950ರಿಂದ ಈಚೆಗೆ ವಿಪರೀತದ ಮಳೆಗಳು ಮೂರು ಪಟ್ಟಾಗಿವೆ ಎಂದು ಅಧ್ಯಯನ ಇದೆ. ನಮ್ಮ ಗುಡ್ಡದ ಕತೆ ಅದೇ ಆಗಬೇಕೆಂದಿಲ್ಲ. ಆದರೂ, ದಿನಕ್ಕೆ ಆರು ಇಂಚಿಗಿಂತ ಹೆಚ್ಚು ಹೊಯ್ದ ದಿನಗಳು ಅಜ್ಜನ ಕಾಲದ ಹತ್ತು ವರ್ಷದಲ್ಲಿ ಎಷ್ಟು, ಈಚಿನ ಹತ್ತು ವರ್ಷದಲ್ಲಿ ಎಷ್ಟು, ಎಣಿಸಿ ನೋಡೋಣವೇ ಎಂದು ಕೇಳಿದೆ.

ಚಿಕ್ಕಪ್ಪ ಮೊದಲ ಪುಸ್ತಕ ಬಿಚ್ಚಿದರು. ಎರಡು ಪುಟ ತಿರುವಿದರು. ಆಮೇಲೆ ಕಟ್ಟನ್ನೆಲ್ಲ ನನ್ನ ಕಡೆ ಸರಿಸಿದರು.

"ನೀನೇ ಎಣಿಸು ಮಾರಾಯ. ನನ್ನ ಕನ್ನಡಕ ಎಲ್ಲಿಟ್ಟೆನೋ ಸಿಗ್ತಾ ಇಲ್ಲ."

ಕನ್ನಡಕ ಅವರ ಅಂಗಿಯ ಜೇಬಿನಲ್ಲೇ ಇತ್ತು, ಒಂದು ಕಡ್ಡಿ ಹೊರಗೆ ಇಣುಕುತ್ತಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು. ಎದ್ದು, ಕಂಬಕ್ಕೆ ಒರಗಿಸಿದ್ದ ಚಾಕು ತೆಗೆದುಕೊಂಡು, ಬೂದಿ ಹುಡುಕುತ್ತ ಒಳಗೆ ಹೋದರು.